ಆಸ್ಪತ್ರೆ ಹೊರಗೆ ಯಾರಾದರೂ ಫ್ಯಾಕ್ಟರ್ ಮಾರಲು ಬಂದರೆ ತಗೊಳ್ಳಬೇಡಿ

ಮೊದಲೇ ಹೇಳಿಬಿಡುತ್ತೇನೆ. ಹಿಮೊಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇರುವ ಮಕ್ಕಳ ಅಪ್ಪ ಅಮ್ಮಂದಿರೇ, ಹೊರಗಿನವರ ಹತ್ತಿರ ಫ್ಯಾಕ್ಟರ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಮದ್ದು ತಗೊಳ್ಳಬೇಡಿ. ಅರ್ಧ ರೇಟಿಗೆ ಕೊಡುತ್ತೇನೆ ಅಂದರೂ ಬೇಡ. ಸುಮ್ನೆ ಕೊಡುತ್ತೇನೆ ಅಂದರೂ ಬೇಡ. ನಾನು 9,000 ರೂಪಾಯಿ ಕೊಟ್ಟು ಪೆದ್ದನಾಗಿದ್ದೇನೆ. ಬರೆಯಲು ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತೇನೆ.

ನಾನು ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಮಗನಿಗೆ ಏಳು ವರ್ಷ, ಹಿಮೊಫಿಲಿಯಾ ಎ, ಸಿವಿಯರ್. ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ ಎಂಟು ಅನ್ನುವ ಅಂಶ ಅವನ ರಕ್ತದಲ್ಲಿ ಮಾಮೂಲಿನ ಶೇಕಡ 1ಕ್ಕಿಂತ ಕಡಿಮೆ. ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿದ್ದರೆ ಹೊರಗೆ ರಕ್ತ ಬರುವುದಿಲ್ಲ, ಒಳಗೆ ಮಂಡಿ ಊದುತ್ತದೆ. ಬೇಗ ಫ್ಯಾಕ್ಟರ್ ಹಾಕಿಸಿದರೆ ಸರಿ, ತಡವಾದಷ್ಟೂ ಕೀಲು ಹಾಳು.

ಜುಲೈ ಮಳೆ. ಅಂಗಳದ ಪಾಚಿ ಮೇಲೆ ಜಾರಿದ, ಅಷ್ಟೇ. ರಾತ್ರಿ ಹೊತ್ತಿಗೆ ಮಂಡಿ ಬಿಸಿ, ಕಾಲು ಚಾಚಲು ಆಗುತ್ತಿಲ್ಲ. ಬೆಳಿಗ್ಗೆ ಶನಿವಾರ, ಜೀಪು ಮಾಡಿಕೊಂಡು ಯಾವಾಗಲೂ ಹೋಗುವ ಆಸ್ಪತ್ರೆಗೆ ಹೋದೆವು. ಅಲ್ಲಿ ಏನು ಅಂದರು ಗೊತ್ತಾ? "ಸ್ಟಾಕ್ ಇಲ್ಲ. ಇಂಡೆಂಟ್ ಹಾಕಿದ್ದೇವೆ. ಸೋಮವಾರ ಬನ್ನಿ." ರಕ್ತ ಸೋಮವಾರದವರೆಗೆ ಕಾಯುತ್ತದಾ? ಕೇಳಿದೆ. ಉತ್ತರ ಇಲ್ಲ. ಬೇರೆ ಎಲ್ಲಿ ಸಿಗುತ್ತದೆ ಅಂತಲೂ ಹೇಳಲಿಲ್ಲ. ನಾನೂ ಗಟ್ಟಿಯಾಗಿ ಕೇಳಲಿಲ್ಲ, ಅದು ನನ್ನ ತಪ್ಪು.

ಹೊರಗೆ ಟೀ ಅಂಗಡಿ ಹತ್ತಿರ ಮಗನನ್ನು ಎತ್ತಿಕೊಂಡು ನಿಂತಿದ್ದೆ. ಒಬ್ಬ ಬಂದ. ಇನ್‌ಶರ್ಟ್, ಬ್ಯಾಗು, ಕಂಪನಿಯವನ ಹಾಗೇ. ಮಗನ ಮಂಡಿ ನೋಡಿದ, ಫೈಲ್ ನೋಡಿದ. "ಸಾರ್, ಫ್ಯಾಕ್ಟರ್ ಬೇಕಿತ್ತಾ? ಕಂಪನಿ ಸ್ಯಾಂಪಲ್ ಇದೆ. ಅಂಗಡಿ ರೇಟಿನಲ್ಲಿ ಅರ್ಧ." 500 ಯೂನಿಟ್ಟಿನ ವಯಲ್ ಒಂದಕ್ಕೆ 4,500. ಮಗ 20 ಕೆಜಿ ಇದ್ದಾನೆ, ಕೀಲಿನ ಬ್ಲೀಡಿಗೆ ಒಂದು ಸಲಕ್ಕೆ 500 ಹಾಕುತ್ತಾರೆ. ನಾಳೆಗೂ ಬೇಕಾಗಬಹುದು ಅಂತ ಎರಡು ತಗೊಂಡೆ. ಫೋನ್‌ಪೇ ಬೇಡ, ಕ್ಯಾಶೇ ಬೇಕು ಅಂದ. ಬಿಲ್ ಕೇಳಿದೆ. "ಸ್ಯಾಂಪಲ್‌ಗೆ ಬಿಲ್ ಎಲ್ಲಿಂದ ಬರುತ್ತೆ ಸಾರ್" ಅಂತ ನಕ್ಕ. ವಯಲ್‌ಗೆ ಬಾಕ್ಸ್ ಇರಲಿಲ್ಲ, ಐಸ್ ಇರಲಿಲ್ಲ. 2ರಿಂದ 8 ಡಿಗ್ರಿಯಲ್ಲಿ ಇಡುವ ಮದ್ದು ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂತು. ಲೇಬಲ್ ಮೇಲೆ ಕಪ್ಪು ಮಾರ್ಕರ್ ಬಳಿದಿತ್ತು. ಅದನ್ನೂ ಕೇಳಿದೆ. "ಸ್ಯಾಂಪಲ್ ಅಲ್ವಾ ಸಾರ್, ಎಂಆರ್‌ಪಿ ಅಳಿಸಿರ್ತಾರೆ." ಎಲ್ಲ ಕೇಳಿದೆ, ಎಲ್ಲ ಒಪ್ಪಿಕೊಂಡೆ. ಮಗ ಅಳುತ್ತಿದ್ದ.

ನಮ್ಮ ಪರಿಚಯದ ಒಬ್ಬ ಸಿಸ್ಟರ್ ಇದ್ದಾರೆ. ಕ್ಲಿನಿಕ್‌ನಲ್ಲಿ ಅವನಿಗೆ ನರಕ್ಕೆ ಅವರೇ ಹಾಕುವುದು, ಅವರ ಕೈಯಲ್ಲಾದರೆ ಅವನು ಅಳುವುದಿಲ್ಲ. ವಯಲ್ ಕೈಗೆ ತಗೊಂಡವರು ಸುಮ್ಮನಾದರು. ತಿರುಗಿಸಿ ನೋಡಿದರು. ಹತ್ತಿಗೆ ಸ್ಪಿರಿಟ್ ಹಾಕಿ ಆ ಕಪ್ಪು ಮಾರ್ಕರ್ ಮೇಲೆ ಉಜ್ಜಿದರು. ಒಂದು ಸಲ ಉಜ್ಜಿದರು, ಎರಡು ಸಲ ಉಜ್ಜಿದರು. ಹತ್ತಿ ಕಪ್ಪಾಯಿತು. ಅಕ್ಷರ ಮೇಲೆ ಬಂತು. ಸರ್ಕಾರದ ಸರಬರಾಜು, ಮಾರಾಟಕ್ಕಲ್ಲ.

ನನ್ನ ಮಗನಿಗೆ ಪುಕ್ಕಟೆ ಸಿಗಬೇಕಾದ್ದನ್ನೇ ದುಡ್ಡು ಕೊಟ್ಟು ತಂದಿದ್ದೆ. ಅಷ್ಟಾದರೂ ಹಾಕಿಬಿಡಿ ಸಿಸ್ಟರ್, ಮದ್ದು ಮದ್ದೇ ಅಲ್ವಾ ಅಂದೆ. ಹೌದು, ಹಾಗೆ ಅಂದೆ, ಸುಳ್ಳು ಹೇಳುವುದಿಲ್ಲ. ಅವರು ವಯಲ್ ನನ್ನ ಮುಖದ ಹತ್ತಿರ ಹಿಡಿದು, "ನೀವು ಓದಿದವರಲ್ವಾ ಅಣ್ಣ, ಇಲ್ಲಿ ಏನಿದೆ ಓದಿ" ಅಂದರು. ರೋಮನ್ ಅಂಕಿಯಲ್ಲಿ ಒಂಬತ್ತು ಇತ್ತು. ಎಂಟಲ್ಲ, ಒಂಬತ್ತು. ಅದು ಹಿಮೊಫಿಲಿಯಾ ಬಿ ಇರುವವರಿಗೆ ಹಾಕುವುದು. ನನ್ನ ಮಗನಿಗೆ ನೀರು ಹಾಕಿದರೂ ಅಷ್ಟೇ, ಅದನ್ನು ಹಾಕಿದರೂ ಅಷ್ಟೇ.

ದಿನಾ ಕಾಫಿ ಮೂಟೆ ಮೇಲಿನ ನಂಬರ್ ಓದಿ ಲೆಕ್ಕ ಬರೆಯುವವನು ನಾನು. ಒಂದು ಮೂಟೆ ತಪ್ಪಿದರೆ ಸಾಹುಕಾರರ ಮುಂದೆ ನಿಲ್ಲಬೇಕು. ಮಗನ ಮದ್ದಿನ ಮೇಲಿನ ಅಂಕಿ ಓದಲಿಲ್ಲ. 500 ಅಂತ ಕಂಡಿತು, ಫ್ಯಾಕ್ಟರ್ ಅಂತ ಕಂಡಿತು, ಅಷ್ಟೇ ಸಾಕಾಯಿತು ನನಗೆ. ಇನ್ನೊಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಆ ಎರಡು ವಯಲ್ ಎಲ್ಲೋ ಒಬ್ಬ ಬಿ ಹುಡುಗನ ಪಾಲಿನವು. ಅವನ ಅಪ್ಪನಿಗೂ ಯಾರೋ ಸ್ಟಾಕ್ ಇಲ್ಲ ಅಂದಿರುತ್ತಾರೆ.

ಅಲ್ಲಿಂದಲೇ ಆ ವಯಲ್ ಮಾರಿದವನಿಗೆ ಫೋನ್ ಮಾಡಿದೆ. ಅವನ ಮಾತು ಹಾಗೇ ಬರೆಯುತ್ತೇನೆ.

"ಎಂಟಕ್ಕೂ ಒಂಬತ್ತಕ್ಕೂ ಏನ್ ಸಾರ್ ಅಂಥ ವ್ಯತ್ಯಾಸ? ಒಂಬತ್ತು ಇನ್ನೂ ಸ್ಟ್ರಾಂಗು."

ದುಡ್ಡು ವಾಪಸ್ ಕೊಡು ಅಂದೆ. "ನಾನೇ ಕೊಟ್ಟಿದ್ದು ಅನ್ನೋಕೆ ಪ್ರೂಫ್ ಏನಿದೆ ಸಾರ್? ಬಿಲ್ ಇದೆಯಾ?"

ಪೊಲೀಸ್ ಅಂದೆ. "ಹೋಗಿ ಸಾರ್. ಸರ್ಕಾರಿ ಮದ್ದು ಕೊಂಡವರ ಮೇಲೂ ಕೇಸ್ ಆಗುತ್ತೆ. ನಿಮ್ಮ ಹುಡುಗನ ಹೆಸರೂ ಬರುತ್ತೆ." ಅದಕ್ಕೆ ನನ್ನ ಬಾಯಿ ಕಟ್ಟಿತು. ಅವನಿಗೆ ಬೇಕಾಗಿದ್ದೂ ಅದೇ.

ಸಿಸ್ಟರ್ ಹಾಸನಕ್ಕೆ ಫೋನ್ ಮಾಡಿ ವಿಚಾರಿಸಿದರು. ಅಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಎಂಟು ಇತ್ತು. ಒಂದೇ ಒಂದು ಫೋನ್, ಎರಡು ನಿಮಿಷ! ಬೇಲೂರು ಮೇಲೆ ಹಾಸನಕ್ಕೆ ಹೋಗುವ ಹೊತ್ತಿಗೆ ಸಂಜೆ. ಫೈಲ್ ನೋಡಿದರು, ತೂಕ ನೋಡಿದರು, ಹಾಕಿದರು. ಒಂದು ರೂಪಾಯಿ ಕೇಳಲಿಲ್ಲ. ಆದರೆ ಬಿದ್ದು ಒಂದು ದಿನ ಆಗಿತ್ತು. ಮಂಡಿ ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಅಲ್ಲೇ ಪಕ್ಕದ ಮಂಚದ ಹತ್ತಿರ ಒಬ್ಬ ತಾಯಿ ಇದ್ದಳು. ಆಲ್ದೂರು ಕಡೆ ತೋಟದ ಕೂಲಿಯವರ ಲೈನ್ ಮನೆಯವಳು, ಓದು ಬರಹ ಇಲ್ಲ. ಹನ್ನೊಂದು ವರ್ಷದ ಹುಡುಗನ ಎರಡೂ ಮಂಡಿ ಸೊಟ್ಟ. ಅವಳೂ ಅದೇ ಮನುಷ್ಯನ ಹತ್ತಿರ ಮೂರು ಸಲ ತಗೊಂಡಿದ್ದಾಳೆ, ಓಲೆ ಅಡ ಇಟ್ಟು. ಯಾವ ನಂಬರಿನದು ಅಂತ ಅವಳಿಗೆ ಗೊತ್ತಿಲ್ಲ. ಇದು ಪುಕ್ಕಟೆ ಅಂತ ಗೊತ್ತಾಗಿದ್ದೇ ಮೊನ್ನೆ. ನನಗಾದರೂ ಫೋನ್ ಮಾಡಲು ಒಬ್ಬ ಸಿಸ್ಟರ್ ಇದ್ದರು, ಜೀಪಿಗೆ ಕೊಡಲು ದುಡ್ಡಿತ್ತು. ಅವಳು ಒಂದು ದಿನ ರಜೆ ಹಾಕಿದರೆ ಕೂಲಿ ಹೋಯಿತು. ಒಂದೇ ಕಾಯಿಲೆ, ಒಂದೇ ಜಿಲ್ಲೆ. ಪೇಟೆ ಹತ್ತಿರ ಇರುವ ಮಗು ಸ್ಕೂಲಿಗೆ ಓಡುತ್ತದೆ, ಲೈನ್ ಮನೆ ಮಗು ತೆವಳುತ್ತದೆ.

ಈಗ ನಾನು ಮಾಡುವುದು ಇಷ್ಟು. ಹೊರಡುವ ಮುಂಚೆ ಫೋನ್ ಮಾಡಿ ಸ್ಟಾಕ್ ಕೇಳುತ್ತೇನೆ. ಇಲ್ಲ ಅಂದರೆ, ಇಲ್ಲ ಅಂತ ಬರೆದು ಸಹಿ ಹಾಕಿ ಕೊಡಿ ಅನ್ನುತ್ತೇನೆ. ಆಗ ಎಲ್ಲಿಂದಲೋ ಮಾತು ಬರುತ್ತದೆ ನೋಡಿ! ದಾವಣಗೆರೆಯ ಕರ್ನಾಟಕ ಹಿಮೊಫಿಲಿಯಾ ಸೊಸೈಟಿಯಲ್ಲಿ ವಿಚಾರಿಸಿ, ಅವರು ಇದೇ ಕೆಲಸ ಮಾಡುವವರು. 2016ರ ಅಂಗವಿಕಲರ ಕಾಯ್ದೆಯಲ್ಲಿ ಹಿಮೊಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಈ ಮೂರು ರಕ್ತದ ಕಾಯಿಲೆಗಳೂ ಇವೆ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿಕೊಳ್ಳಿ. ವಯಲ್ ಮೇಲಿನ ಅಂಕಿ ನೀವೇ ಓದಿ. ಮತ್ತೆ ಕಾಯುವಾಗ ನೋವಿಗೆ ಆಸ್ಪಿರಿನ್, ಬ್ರೂಫೆನ್ ಕೊಡಬೇಡಿ, ಸೊಂಟಕ್ಕೆ ಸೂಜಿ ಹಾಕಿಸಬೇಡಿ. ಇದನ್ನು ಗೊತ್ತಿಲ್ಲದ ಕ್ಲಿನಿಕ್‌ಗಳು ಇನ್ನೂ ಇವೆ.

ಔಷಧ ನಿಯಂತ್ರಣ ಇಲಾಖೆಗೆ ದೂರು ಬರೆದು ಕೊಟ್ಟಿದ್ದೇನೆ, ಎರಡೂ ವಯಲ್ ಸಮೇತ. ಕೇಸ್ ನನ್ನ ಮೇಲೂ ಆಗುವುದಾದರೆ ಆಗಲಿ. ಅವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಹೋದ ವಾರ ಆಲ್ದೂರಿನ ಆ ತಾಯಿ ತನಗೆ ಬಂದ ಒಂದು ಮೆಸೇಜ್ ನನಗೆ ಕಳಿಸಿ, ಇದರಲ್ಲಿ ಏನು ಬರೆದಿದೆ ಓದಿ ಹೇಳಣ್ಣ ಅಂತ ವಾಯ್ಸ್ ಹಾಕಿದ್ದಳು. "ಎಂಟು ಬಂದಿದೆ. 4,000. ಬೇಗ ಹೇಳಿ" ಅಂತ ಇತ್ತು. ಅದರ ಸ್ಕ್ರೀನ್‌ಶಾಟನ್ನೂ ದೂರಿಗೆ ಸೇರಿಸಿದ್ದೇನೆ.