ಮಲೆನಾಡಿನಲ್ಲಿ ವ್ಯಾಗನ್‌ಆರ್ 1.2: ಐದು ವರ್ಷದ ಬಳಕೆಯ ನಂತರ

2020ರ ಕೊನೆಯಲ್ಲಿ ನಾವು ಕೊಂಡದ್ದು ಮೂರನೇ ತಲೆಮಾರಿನ ಮಾರುತಿ ಸುಜುಕಿ ವ್ಯಾಗನ್‌ಆರ್, 1.2 ಲೀಟರ್ ಪೆಟ್ರೋಲ್ ಎಂಜಿನ್, ಮ್ಯಾನುವಲ್ ಗೇರ್, ಝಡ್‌ಎಕ್ಸ್‌ಐ ಮಾದರಿ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಅಡಿಕೆ ತೋಟದ ಮನೆ. ಪೇಟೆಯಿಂದ ದಿನಸಿ ತರುವುದು, ಅಡಿಕೆ ವ್ಯವಹಾರಕ್ಕೆ ಶಿವಮೊಗ್ಗಕ್ಕೆ ಹೋಗುವುದು, ಅಮ್ಮನನ್ನು ಆಗುಂಬೆ ಘಾಟಿ ಇಳಿಸಿ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯುವುದು, ಆಗೊಮ್ಮೆ ಈಗೊಮ್ಮೆ ಬೆಂಗಳೂರಿಗೆ ಹೋಗಿಬರುವುದು, ಇಷ್ಟೂ ಕೆಲಸ ಈ ಒಂದೇ ಗಾಡಿಯದು. ಕಡಿಮೆ ಬಜೆಟ್ಟಿನ ಸಣ್ಣ ಕಾರನ್ನು ಹುಡುಕುತ್ತಿರುವ, ಮನೆಯಲ್ಲಿ ವಯಸ್ಸಾದವರಿರುವ, ಹಳ್ಳಿ ರಸ್ತೆಯಲ್ಲೇ ಹೆಚ್ಚು ಓಡಾಡುವ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಈ ಕಾರಿನ ನಿಜವಾದ ಗುಣ ಅದರ ಎತ್ತರ. ನೆಲದಿಂದ ಛಾವಣಿಗೆ 1,675 ಮಿ.ಮೀ. ಇರುವುದರಿಂದ ಸೀಟುಗಳನ್ನು ಕುರ್ಚಿಯ ಮಟ್ಟಕ್ಕೆ ಇಡಲು ಸಾಧ್ಯವಾಗಿದೆ. ಅಮ್ಮನಿಗೆ ಹಲವು ವರ್ಷಗಳಿಂದ ಮಂಡಿನೋವು. ಅವರು ಬಾಗಿಲಿಗೆ ಬೆನ್ನು ಮಾಡಿ ನಿಂತು, ಒಂದು ಕೈಯನ್ನು ಸೀಟಿನ ಬೆನ್ನಿಗೆ ಆನಿಸಿ, ಮೊದಲು ಕುಳಿತುಬಿಡುತ್ತಾರೆ. ಆಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು ಒಂದೊಂದೇ ಕಾಲನ್ನು ನಿಧಾನವಾಗಿ ಒಳಗೆ ಎತ್ತಿಟ್ಟುಕೊಳ್ಳುತ್ತಾರೆ. ಯಾರೂ ಕೈಹಿಡಿಯಬೇಕಾಗಿಲ್ಲ. ತಗ್ಗಿನ ಸೀಟಿನ ಕಾರುಗಳಲ್ಲಿ ಮಂಡಿ ಪೂರ್ತಿ ಮಡಚಿ ಕೆಳಗೆ ಕೂರಬೇಕು, ಇಳಿಯುವಾಗ ಇಬ್ಬರು ಎತ್ತಬೇಕು. ನೆಂಟರ ಕಾರುಗಳಲ್ಲಿ ಅವರು ಪಟ್ಟ ಕಷ್ಟವನ್ನು ನೋಡಿಯೇ ನಾವು ಈ ಗಾಡಿಗೆ ಮನಸ್ಸು ಮಾಡಿದ್ದು. ಮನೆಯ ಹಿರಿಯರನ್ನು ಬಿಟ್ಟು ಗಂಡಸರಷ್ಟೇ ಶೋರೂಮಿಗೆ ಹೋಗಿ ಕಾರು ನೋಡಿ ಬರುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಹಿರಿಯರನ್ನು ಕರೆದುಕೊಂಡು ಹೋಗಿ, ಮುಂದೆಯೂ ಹಿಂದೆಯೂ ಎರಡೆರಡು ಸಲ ಹತ್ತಿಸಿ ಇಳಿಸಿ ನೋಡಿ. ಮುಂದೆ ಪ್ರತಿದಿನ ಅನುಭವಕ್ಕೆ ಬರುವುದು ಇದೇ ಸಂಗತಿ.

ಹಿಂದಿನ ಸೀಟಿನಲ್ಲಿ ಇಬ್ಬರು ದೊಡ್ಡವರು, ಒಂದು ಮಗು ಆರಾಮವಾಗಿ ಕೂರಬಹುದು. ಗಾಡಿಯ ಅಗಲ 1,620 ಮಿ.ಮೀ. ಮಾತ್ರ ಇರುವುದರಿಂದ ಮೂವರು ದೊಡ್ಡವರು ಕುಳಿತರೆ ಭುಜಕ್ಕೆ ಭುಜ ಒತ್ತುತ್ತದೆ. ಡಿಕ್ಕಿ 341 ಲೀಟರಿನದು. ಈ ಬೆಲೆಯ ಕಾರುಗಳಲ್ಲಿ ಇದು ದೊಡ್ಡದೇ. ಹಿಂದಿನ ಸೀಟು ಎರಡು ಭಾಗವಾಗಿ ಮಡಚಿಕೊಳ್ಳುವುದರಿಂದ ಒಂದು ಬದಿಯಲ್ಲಿ ಮೂಟೆ, ಇನ್ನೊಂದು ಬದಿಯಲ್ಲಿ ಮನುಷ್ಯರು ಎಂಬ ಹೊಂದಾಣಿಕೆ ನಮ್ಮಲ್ಲಿ ಮಾಮೂಲು. ಸಿಎನ್‌ಜಿ ಮಾದರಿಯನ್ನು ಯೋಚಿಸುತ್ತಿರುವವರು ಎರಡು ವಿಷಯ ಗಮನಿಸಬೇಕು: ಅದು 1.0 ಲೀಟರ್ ಎಂಜಿನ್ನಿನೊಂದಿಗೆ ಮಾತ್ರ ಸಿಗುತ್ತದೆ, ಮತ್ತು ಡಿಕ್ಕಿಯ ಹೆಚ್ಚಿನ ಜಾಗವನ್ನು ಸಿಲಿಂಡರೇ ತಿನ್ನುತ್ತದೆ.

ಎಂಜಿನ್ನಿನ ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಘಟ್ಟದ ಸೀಮೆಯವರಿಗೆ ಬಹಳ ವ್ಯತ್ಯಾಸವಾಗುವುದು ಇಲ್ಲಿಯೇ. 1.0 ಲೀಟರಿನದು ಮೂರು ಸಿಲಿಂಡರಿನ ಎಂಜಿನ್, ಅದರ ಟಾರ್ಕ್ (ಚಕ್ರ ತಿರುಗಿಸುವ ಬಲ) ಸುಮಾರು 90 ನ್ಯೂಟನ್ ಮೀಟರ್, 1.2 ಲೀಟರಿನದು ನಾಲ್ಕು ಸಿಲಿಂಡರ್, 83 ಪಿಎಸ್ ಶಕ್ತಿ, 113 ನ್ಯೂಟನ್ ಮೀಟರ್ ಟಾರ್ಕ್. ಗಾಡಿಯ ತೂಕ ಸುಮಾರು 840 ಕೆ.ಜಿ. ಮಾತ್ರ ಆದ್ದರಿಂದ ಒಬ್ಬರೇ ಹೋಗುವಾಗ 1.2 ಎಂಜಿನ್ ಗಾಡಿಯನ್ನು ಹಗುರವಾಗಿ ಎಳೆದೊಯ್ಯುತ್ತದೆ. ಪರೀಕ್ಷೆ ಇರುವುದು ಐದು ಮಂದಿ ಕುಳಿತು ಆಗುಂಬೆ ಹತ್ತುವಾಗ. ಆ ಘಾಟಿಯಲ್ಲಿ 14 ತಿರುವುಗಳಿವೆ. ಕೆಲವು ತಿರುವುಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ಪೂರ್ತಿ ನಿಲ್ಲಲೇಬೇಕು. ನಿಂತ ಗಾಡಿಯನ್ನು ಆ ಏರಿನಲ್ಲಿ ಮತ್ತೆ ಹೊರಡಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಕ್ಲಚ್ ಕಚ್ಚುವ ಹದ ನೋಡಿ ಬಿಡಬೇಕು. ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ವ್ಯವಸ್ಥೆ ನಮ್ಮ ವರ್ಷದ ಮ್ಯಾನುವಲ್ ಗಾಡಿಯಲ್ಲಿಲ್ಲ. ಹೊರಟ ಮೇಲೆ ಎರಡನೇ ಗೇರಿನಲ್ಲಿ, ಎ.ಸಿ. ಹಾಕಿಕೊಂಡೇ, ಏದುಸಿರಿಲ್ಲದೆ ಹತ್ತುತ್ತದೆ. ಊರಿನವರೊಬ್ಬರ 1.0 ಗಾಡಿಯಲ್ಲಿ ಇದೇ ಹೊರೆಯೊಂದಿಗೆ ಹೋಗಿದ್ದೇನೆ; ಅದೂ ಹತ್ತುತ್ತದೆ, ಆದರೆ ಮೊದಲ ಗೇರಿಗೆ ಮತ್ತೆ ಮತ್ತೆ ಇಳಿಯಬೇಕಾಗುತ್ತದೆ. ಘಟ್ಟ ಹತ್ತಿಳಿಯುವವರು 1.2ಕ್ಕೇ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬಯಲುಸೀಮೆಯ ಊರೊಳಗಿನ ಓಡಾಟಕ್ಕೆ 1.0 ಧಾರಾಳವಾಗಿ ಸಾಕು.

ಇಳಿಯುವಾಗ ಎರಡನೇ ಗೇರಿನಲ್ಲಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕುಗಳಿವೆ. ತಿರುವಿನಿಂದ ತಿರುವಿಗೆ ಬ್ರೇಕ್ ತುಳಿಯುತ್ತಲೇ ಇಳಿಯುವ ಅಭ್ಯಾಸವಿರುವವರು ಅದನ್ನು ಬಿಡಬೇಕು. ಸ್ಟಿಯರಿಂಗ್ ತುಂಬ ಹಗುರ, ತಿರುಗುವ ತ್ರಿಜ್ಯ 4.7 ಮೀಟರ್. ನಮ್ಮ ಮನೆಯ ಅಂಗಳದಲ್ಲಿ, ಒಂದು ಬದಿಗೆ ಅಡಿಕೆ ಚಪ್ಪರದ ಕಂಬ, ಇನ್ನೊಂದು ಬದಿಗೆ ಕೊಟ್ಟಿಗೆಯ ಗೋಡೆ ಇರುವ ಜಾಗದಲ್ಲಿ, ಗಾಡಿಯನ್ನು ಹಿಂದೆ ಮುಂದೆ ಮಾಡದೆ ಒಂದೇ ಸಲಕ್ಕೆ ತಿರುಗಿಸಬಹುದು.

ಬಿಎಸ್-6 (ಹೊಗೆ ಮಾಲಿನ್ಯದ ಮಾನದಂಡ) ಪ್ರಕಾರದ 1.2 ಮ್ಯಾನುವಲ್ ಮಾದರಿಗೆ ಕಂಪನಿ ಹೇಳಿದ್ದ ಮೈಲೇಜ್ ಲೀಟರಿಗೆ 20.52 ಕಿ.ಮೀ. ಹಳ್ಳಿ ಮತ್ತು ಪೇಟೆಯ ನಡುವಿನ ಓಡಾಟದಲ್ಲಿ ನಮಗೆ 15–16 ಸಿಗುತ್ತದೆ, ಹೆದ್ದಾರಿಯಲ್ಲಿ 80ರ ವೇಗ ದಾಟದಿದ್ದರೆ 20ರ ಆಸುಪಾಸಿಗೆ ಬರುತ್ತದೆ. ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಎಲ್ಲ ಬಂಕುಗಳಿಗೆ ಬಂದ ಮೇಲೆ ಈ ಅಂಕಿ ತುಸು ಇಳಿದಿದೆ. ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಇಳಿಕೆ ಸಹಜ, ಸರ್ಕಾರವೂ ಹಳೆಯ ಗಾಡಿಗಳಲ್ಲಿ ಶೇ 3ರಿಂದ 6ರಷ್ಟು ಇಳಿಯಬಹುದೆಂದು ಹೇಳಿದೆ. 2023ರ ಏಪ್ರಿಲ್‌ಗಿಂತ ಮೊದಲಿನ, ಅಂದರೆ ಈ ಪೆಟ್ರೋಲಿಗೆಂದೇ ಸಿದ್ಧಪಡಿಸದ ಗಾಡಿ ಇರುವವರು ಸರ್ವಿಸಿಗೆ ಬಿಟ್ಟಾಗ ಪೆಟ್ರೋಲ್ ಪೈಪು ಮತ್ತು ರಬ್ಬರ್ ಭಾಗಗಳನ್ನು ನೋಡುವಂತೆ ಹೇಳುವುದು ಒಳ್ಳೆಯದು. ಟ್ಯಾಂಕು 32 ಲೀಟರಿನದಷ್ಟೇ. ಬೆಂಗಳೂರಿಗೆ ಹೋಗಿಬರುವಾಗ ದಾರಿಯಲ್ಲೊಮ್ಮೆ ತುಂಬಿಸಲೇಬೇಕು.

ಹೆದ್ದಾರಿಗೆ ಈ ಕಾರು ಹೇಳಿ ಮಾಡಿಸಿದ್ದಲ್ಲ. ಎತ್ತರ ಹೆಚ್ಚು, ತೂಕ ಕಡಿಮೆ, ಟೈರು ಸಣ್ಣದು. ಈ ಮೂರೂ ಸೇರಿದಾಗ ಏನಾಗುತ್ತದೆ ಎಂಬುದು ಕಡೂರು, ಅರಸೀಕೆರೆ ಕಡೆಯ ಬಯಲಿನಲ್ಲಿ ಅಡ್ಡಗಾಳಿ ಬೀಸುವಾಗ ತಿಳಿಯುತ್ತದೆ. ದೊಡ್ಡ ಲಾರಿಯನ್ನು ದಾಟಿ ಮುಂದೆ ಬಂದ ಕೂಡಲೇ ಗಾಳಿ ಗಾಡಿಯನ್ನು ಪಕ್ಕಕ್ಕೆ ನೂಕುತ್ತದೆ, ಸ್ಟಿಯರಿಂಗನ್ನು ಎರಡೂ ಕೈಯಿಂದ ಹಿಡಿದಿರಬೇಕು. ತೊಂಬತ್ತು ದಾಟಿದ ಮೇಲೆ ಗಾಳಿಯ ಮತ್ತು ಟೈರಿನ ಸದ್ದು ಒಳಗೆ ಚೆನ್ನಾಗಿ ಕೇಳಿಸುತ್ತದೆ. ಹೆಡ್‌ಲೈಟಿನ ಹ್ಯಾಲೊಜನ್ ಬೆಳಕು ಮಳೆಗಾಲದ ಕಪ್ಪು ಡಾಂಬರಿನ ಮೇಲೆ ಸಾಲುವುದಿಲ್ಲ. ಹೆಚ್ಚು ವ್ಯಾಟಿನ ಬಲ್ಬು ಹಾಕಿಸಲು ಅಂಗಡಿಯವರು ಹೇಳುತ್ತಾರೆ. ಅದರಿಂದ ವೈರಿಂಗ್ ಬಿಸಿಯಾಗುವುದಲ್ಲದೆ ಎದುರಿನವರ ಕಣ್ಣು ಕುಕ್ಕುತ್ತದೆ. ರಾತ್ರಿಯ ದೂರಪ್ರಯಾಣವನ್ನೇ ನಾವು ಬಿಟ್ಟಿದ್ದೇವೆ.

ಸುರಕ್ಷತೆಯ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಕಾರುಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆ 2019ರಲ್ಲಿ ಈ ಮಾದರಿಯನ್ನು ಅಪಘಾತ ಪರೀಕ್ಷೆಗೆ ಒಡ್ಡಿದಾಗ ಐದರಲ್ಲಿ ಎರಡು ನಕ್ಷತ್ರ ಬಂದಿತ್ತು. ನಿಯಮಗಳು ಬಿಗಿಯಾದ ಮೇಲೆ 2023ರಲ್ಲಿ ಮತ್ತೆ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ ಒಂದು ನಕ್ಷತ್ರ ಸಿಕ್ಕಿತು, ಮಕ್ಕಳ ರಕ್ಷಣೆಗೆ ಒಂದೂ ಸಿಗಲಿಲ್ಲ. ಎರಡು ಪರೀಕ್ಷೆಗಳ ನಿಯಮ ಬೇರೆಯಾದ್ದರಿಂದ ನಕ್ಷತ್ರಗಳನ್ನು ನೇರವಾಗಿ ಹೋಲಿಸಲಾಗದು. ಆದರೆ ಪ್ರಯಾಣಿಕರು ಕೂರುವ ಗೂಡು ಸ್ಥಿರವಾಗಿಲ್ಲ ಎಂಬ ಆ ಸಂಸ್ಥೆಯ ಮಾತು ಗಂಭೀರವಾದದ್ದು. 2025ರಲ್ಲಿ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಬಂದಿವೆ, ಅದಕ್ಕೂ ಮೊದಲೇ ಗಾಡಿ ಜಾರದಂತೆ ತಡೆಯುವ ಇಎಸ್‌ಪಿ ಬಂದಿದೆ. ಇವು ಸ್ವಾಗತಾರ್ಹ. ಆದರೂ ಏರ್‌ಬ್ಯಾಗ್ ತನ್ನ ಕೆಲಸವನ್ನು ಪೂರ್ತಿ ಮಾಡಬೇಕಾದರೆ ಸುತ್ತಲಿನ ಗೂಡು ಮುದುಡದೆ ನಿಲ್ಲಬೇಕು. ಇದೇ ಬೆಲೆಯ ಆಸುಪಾಸಿನ ಟಾಟಾ ಟಿಯಾಗೊ 2020ರ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆದಿತ್ತು. ಅದರ ಡಿಕ್ಕಿ 242 ಲೀಟರ್, ಸೀಟು ತಗ್ಗು. ವಾರಕ್ಕೆ ಹಲವು ಸಲ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಓಡಾಡುವವರಿಗೆ ನಾನು ವ್ಯಾಗನ್‌ಆರ್ ತೆಗೆದುಕೊಳ್ಳಿ ಎಂದು ಹೇಳಲಾರೆ. ನಮ್ಮ ಓಡಾಟದ ಬಹುಪಾಲು ಐವತ್ತರ ವೇಗದೊಳಗಿನದು. ಹಾಗಿದ್ದೂ ಹಿಂದೆ ಕೂತ ಅಮ್ಮ, ಅಪ್ಪಯ್ಯ ಬೆಲ್ಟ್ ಹಾಕಿಕೊಳ್ಳದೆ ಗಾಡಿ ಅಂಗಳ ಬಿಡುವುದಿಲ್ಲ. ಮೊದಮೊದಲು ಅಪ್ಪಯ್ಯ ಬೇಸರಿಸುತ್ತಿದ್ದರು. ಈಗ ಅವರೇ ಮೊಮ್ಮಕ್ಕಳಿಗೆ ನೆನಪಿಸುತ್ತಾರೆ.

ಮಲೆನಾಡಿನ ಮಳೆಗಾಲ ಯಾವ ಕಾರನ್ನೂ ಸುಮ್ಮನೆ ಬಿಡುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ನಮ್ಮಲ್ಲಿ ಅದಕ್ಕಿಂತ ಕಡಿಮೆಯಾದರೂ ಜುಲೈ, ಆಗಸ್ಟಿನಲ್ಲಿ ಬಿಸಿಲು ಕಾಣುವುದೇ ಅಪರೂಪ. ಒಂದು ವಾರ ಗಾಡಿ ತೆಗೆಯದಿದ್ದರೆ ಸೀಟ್‌ಬೆಲ್ಟಿನ ಪಟ್ಟಿಯ ಮೇಲೆ, ಸ್ಟಿಯರಿಂಗ್ ಚಕ್ರದ ಕೆಳಭಾಗದಲ್ಲಿ, ಸೀಟಿನ ಹೊಲಿಗೆಯ ಉದ್ದಕ್ಕೂ ಬೂದಿ ಬಣ್ಣದ ಬೂಷ್ಟು ಹಿಡಿಯುತ್ತದೆ. ಬೆಲ್ಟನ್ನು ಪೂರ್ತಿ ಹೊರಗೆಳೆದು, ಕ್ಲಿಪ್ ಹಾಕಿ ನಿಲ್ಲಿಸಿ, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲಷ್ಟೇ ಒಳಗೆ ಬಿಡಬೇಕು. ಒದ್ದೆ ಬೆಲ್ಟ್ ಸುರುಳಿಯೊಳಗೆ ಹೋದರೆ ಬೂಷ್ಟು ಇನ್ನೂ ಹೆಚ್ಚುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಗಂಟೆ ಎ.ಸಿ. ಹಾಕಿ ಓಡಿಸುವುದು ಇದಕ್ಕೆ ಒಳ್ಳೆಯ ಉಪಾಯ, ಬ್ಯಾಟರಿಗೂ ಒಳ್ಳೆಯದು. ಹಿಂದಿನ ಗಾಜಿಗೆ ವೈಪರ್ ಮತ್ತು ಮಂಜು ಕರಗಿಸುವ ಡಿಫಾಗರ್ ಇರುವ ಮಾದರಿಯನ್ನೇ ನಮ್ಮ ಕಡೆಯವರು ಕೊಳ್ಳಬೇಕು. ಹಿಂಭಾಗ ನೆಟ್ಟಗೆ ನಿಂತಿರುವ ಈ ಕಾರಿನಲ್ಲಿ ಚಕ್ರ ಎರಚಿದ ಕೆಸರು ನೇರವಾಗಿ ಹಿಂದಿನ ಗಾಜಿಗೇ ಹೋಗಿ ಕೂರುತ್ತದೆ.

ಇಲಿಗಳದ್ದು ಇನ್ನೊಂದು ಕಾಟ. ಎಂಜಿನ್ನಿನ ಬಿಸುಪಿಗೆ ಬರುತ್ತವೆ. ಒಮ್ಮೆ ಬಾನೆಟ್ ಎತ್ತಿದಾಗ ಏರ್ ಫಿಲ್ಟರಿನ ಡಬ್ಬಿಯ ಪಕ್ಕದಲ್ಲಿ ಅಡಿಕೆ ಸಿಪ್ಪೆಯ ನಾರಿನಿಂದ ಕಟ್ಟಿದ ಗೂಡೇ ಇತ್ತು. ಸೆನ್ಸರಿನ ವೈರನ್ನು ಕಡಿದು ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಉರಿಯುತ್ತದೆ, ಗಾಡಿ ಎಳೆಯುವುದಿಲ್ಲ. ಮಾರುಕಟ್ಟೆಯ ಸ್ಪ್ರೇಗಳ ಘಾಟು ಕೆಲವೇ ದಿನ. ರಾತ್ರಿ ಬಾನೆಟ್ ಎತ್ತಿಟ್ಟು ಒಳಗೆ ಬೆಳಕು, ಗಾಳಿ ಆಡುವಂತೆ ಮಾಡಿದರೆ ಅವು ಅಲ್ಲಿ ನೆಲೆಯೂರುವುದಿಲ್ಲ. ನಮಗೆ ಫಲ ಕೊಟ್ಟಿದ್ದು ಇದೊಂದೇ.

ಖರ್ಚಿನ ದೃಷ್ಟಿಯಿಂದ ಈ ಗಾಡಿಯ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ವರ್ಷಕ್ಕೊಮ್ಮೆ ಅಥವಾ 10,000 ಕಿ.ಮೀ.ಗೊಮ್ಮೆ ಸರ್ವಿಸ್. ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟಿನ ಬದಲು ಚೈನು ಇರುವುದರಿಂದ ಇಂತಿಷ್ಟು ಕಿಲೋಮೀಟರಿಗೆ ಬದಲಿಸಬೇಕಾದ ದೊಡ್ಡ ಖರ್ಚೊಂದು ಇಲ್ಲ. ಬಿಡಿಭಾಗಗಳು ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತವೆ, ಕೆಲಸ ಬಲ್ಲ ಮೆಕ್ಯಾನಿಕ್‌ಗಳೂ ಇದ್ದಾರೆ. ಬೇಸರವಾದದ್ದು ಬೇರೆ ಊರಿನ ಒಂದು ಸರ್ವಿಸ್ ಕೇಂದ್ರದಲ್ಲಿ: ಎಣ್ಣೆ ಬದಲಿಸಲು ಬಿಟ್ಟ ಗಾಡಿಗೆ ಎಂಜಿನ್ ಒಳಶುದ್ಧಿ, ಎ.ಸಿ. ಶುದ್ಧಿ, ಅಡಿಭಾಗಕ್ಕೆ ಲೇಪನ ಎಂದು ಕೇಳದೆಯೇ ಬಿಲ್ಲಿಗೆ ಸೇರಿಸಿದ್ದರು. ಕಾರಣ ಕೇಳಿದಾಗ ಉತ್ತರವಿರಲಿಲ್ಲ, ತೆಗೆದುಹಾಕಿದರು. ಗಾಡಿ ಬಿಡುವಾಗಲೇ ಏನೇನು ಮಾಡಬೇಕೆಂದು ಜಾಬ್ ಕಾರ್ಡಿನಲ್ಲಿ ಬರೆಸಿ, ಉಳಿದುದಕ್ಕೆ ಫೋನ್ ಮಾಡಿ ಕೇಳಬೇಕೆಂದು ಹೇಳಿ ಬರುವುದು ಅವಶ್ಯ. ಹಾಗೆಂದು ಅಡಿಭಾಗದ ತುಕ್ಕುನಿರೋಧಕ ಲೇಪನ ನಮ್ಮ ಹವೆಗೆ ಅನವಶ್ಯಕವೇನಲ್ಲ. ಮಳೆಗಾಲಕ್ಕೆ ಮುಂಚೆ, ಗಾಡಿ ಒಣಗಿರುವಾಗ, ನಾವೇ ನಿಂತು ಮಾಡಿಸಿಕೊಳ್ಳಬೇಕಾದ ಕೆಲಸ ಅದು.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಮೇಲಿನ ಸೆಸ್ಸೂ ಹೋಗಿರುವುದರಿಂದ ಹೊಸ ಗಾಡಿ ಕೊಳ್ಳುವವರಿಗೆ ಅನುಕೂಲವಾಗಿದೆ. ಆದರೆ ಕರ್ನಾಟಕದಲ್ಲಿ ಐದು ಲಕ್ಷ ದಾಟಿದ, ಹತ್ತು ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆಯೇ ಶೇ 14, ಅದರ ಮೇಲೆ ಸೆಸ್ ಬೇರೆ. ಶೋರೂಂ ಬೆಲೆ ನೋಡದೆ ಆನ್‌ರೋಡ್ ಬೆಲೆಯನ್ನೇ ಕೇಳಬೇಕು. ಹಳೆಯ ಗಾಡಿ ಕೊಳ್ಳುವವರಿಗೆ ನನ್ನ ಸಲಹೆ ಬೇರೆಯೇ ಇದೆ. 2019ರ ಆಗಸ್ಟಿನಲ್ಲಿ 1.0 ಮಾದರಿಯ ಕೆಲವು ಗಾಡಿಗಳನ್ನು ಪೆಟ್ರೋಲ್ ಪೈಪಿನ ದೋಷಕ್ಕೂ, 2020ರ ಜುಲೈನಲ್ಲಿ ವ್ಯಾಗನ್‌ಆರ್ ಮತ್ತು ಬಲೆನೊ ಸೇರಿ 1,34,885 ಗಾಡಿಗಳನ್ನು ಪೆಟ್ರೋಲ್ ಪಂಪಿನ ತಪಾಸಣೆಗೂ ಕಂಪನಿಯೇ ವಾಪಸ್ ಕರೆದಿತ್ತು. ಆದ್ದರಿಂದ 2019ರ ಗಾಡಿ ಸಿಕ್ಕರೆ ಅದರ ಚಾಸಿ ನಂಬರ್ ಕೊಟ್ಟು ಆ ಕೆಲಸ ಆಗಿದೆಯೇ ಎಂದು ವಿಚಾರಿಸಬೇಕು. ಮಲೆನಾಡು ಅಥವಾ ಕರಾವಳಿಯ ಗಾಡಿಯಾಗಿದ್ದರೆ ಸ್ಟೆಪ್ನಿಯನ್ನು ಹೊರಗೆ ತೆಗೆಸಿ, ಅದು ಕೂರುವ ಗುಂಡಿಯಲ್ಲಿ ನೀರಿನ ಕಲೆ, ತುಕ್ಕು ಇದೆಯೇ ನೋಡಿ. ಮುಂದಿನ ಮ್ಯಾಟಿನ ಕೆಳಗೆ ಕೈ ಹಾಕಿ ತೇವ ಮುಟ್ಟಿ ನೋಡಿ. ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿಯೂ ಗಾಡಿ ಮುಂದಕ್ಕೆ ಹೋಗದಿದ್ದರೆ ಕ್ಲಚ್ ಸವೆದಿದೆ ಎಂದು ತಿಳಿದು, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯುವಂತೆ ಕೇಳಿ.