5.5 ಕಿಲೋವ್ಯಾಟ್ ಶವರ್ ಹೀಟರ್: ಕಲಬುರಗಿಯಲ್ಲಿ ಕೆಲ ವರ್ಷ ಬಳಸಿದ ಮೇಲೆ

ನೀರು ಹರಿಯುವಾಗಲೇ ಕಾಯಿಸುವ ಈ ಹೀಟರ್ ಬಗ್ಗೆ ದೊಡ್ಡ ತಕರಾರಿಲ್ಲ. ನಿಮಿಷಕ್ಕೆ 3 ಲೀಟರ್ ನೀರು ಬಿಟ್ಟರೆ ಸುಮಾರು 26 ಡಿಗ್ರಿ ಬಿಸಿ ಏರಿಸುತ್ತದೆ. ಇಲ್ಲಿನ ಜನವರಿಗೆ ಅಷ್ಟು ಸಾಕು. ಏಪ್ರಿಲ್ ಬಂತೆಂದರೆ ಮಾಳಿಗೆ ಮೇಲಿನ ಟಾಕಿ ನೀರೇ ಮೈ ಸುಡುತ್ತದೆ, ಹೀಟರ್‌ಗೆ ರಜೆ. ಬಾಳಿಕೆ, ಸುರಕ್ಷತೆ ಎರಡೂ ನಿಂತಿರುವುದು ಅದಕ್ಕೆ ಎಳೆದ ವೈರಿಂಗ್ ಮೇಲೆ. ಹಾಗಾಗಿ ಈ ವಿಮರ್ಶೆಯ ಬಹುಪಾಲು ಅದೇ.

230 ವೋಲ್ಟ್‌ನಲ್ಲಿ ಇದು ಎಳೆಯುವುದು 24 ಆಂಪಿಯರ್. ಬಚ್ಚಲಲ್ಲಿ ಮೊದಲೇ ಇರುವ ಗೀಸರ್ ಪಾಯಿಂಟ್ 16 ಆಂಪಿಯರ್‌ನದು, ಅದರ ಹಿಂದೆ ಸಾಮಾನ್ಯವಾಗಿ 2.5 ಸ್ಕ್ವೇರ್ ಎಂಎಂ ವೈರು. ಅದಕ್ಕೆ ಜೋಡಿಸಲೇಬೇಡಿ. ಡಿಬಿಯಿಂದ, ಅಂದರೆ ಮನೆಯ ಲೈನುಗಳೆಲ್ಲ ಹೊರಡುವ ಪೆಟ್ಟಿಗೆಯಿಂದ, ನೇರವಾಗಿ ಬೇರೆ ಲೈನ್ ಎಳೆಸಿ. ನಾಲ್ಕು ಸ್ಕ್ವೇರ್ ಸಾಕು ಎನ್ನುವ ಮಿಸ್ತ್ರಿಗಳೇ ಹೆಚ್ಚು. ಲೆಕ್ಕದ ಪ್ರಕಾರ ಸಾಕೂ ಹೌದು, ಆದರೆ ಆ ಲೆಕ್ಕ 30 ಡಿಗ್ರಿ ಹವೆಯದು. ನಮ್ಮೂರಿನ ಬಿಸಿಲಿಗೆ ಕಾದ ಸ್ಲ್ಯಾಬಿನೊಳಗೆ 45 ಡಿಗ್ರಿಯಾದರೆ ಪಿವಿಸಿ ವೈರಿನ ಸಾಮರ್ಥ್ಯ ಐದನೇ ಒಂದು ಪಾಲು ಇಳಿಯುತ್ತದೆ. ಹಾಗಾಗಿ 6 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದನ್ನು ಎಳೆಯಲು 25 ಎಂಎಂ ಪೈಪು, ಹಸಿರು ಅರ್ಥ್ ವೈರೂ ಅದೇ ದಪ್ಪದ್ದು. ಡಿಬಿಯಲ್ಲಿ 32 ಆಂಪಿಯರ್ ಎಂಸಿಬಿ, ಜೊತೆಗೆ ಇದೊಂದಕ್ಕೇ 40 ಆಂಪಿಯರ್ ಹೊರುವ, 30 ಮಿಲಿ ಆಂಪಿಯರ್ ಸೋರಿದರೆ ಬೀಳುವ ಆರ್‌ಸಿಸಿಬಿ. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಒಂದಿದ್ದರೆ ಇನ್ನೊಂದು ಬೇಡ ಎಂದು ಯಾರಾದರೂ ಹೇಳಿದರೆ ಬೇರೆ ಮಿಸ್ತ್ರಿಯನ್ನು ಹುಡುಕಿ. ಬಚ್ಚಲ ಬಾಗಿಲ ಹೊರಗೆ 32 ಆಂಪಿಯರ್‌ನ ಡಬಲ್ ಪೋಲ್ ಸ್ವಿಚ್, ಅಂದರೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದು. ಪ್ಲಗ್ಗು, ಸಾಕೆಟ್ಟು ಎಲ್ಲೂ ಬೇಡ.

ಕೆಡುವುದು ಹೆಚ್ಚಾಗಿ ಈ ಸ್ವಿಚ್ಚಿನ ಟರ್ಮಿನಲ್ಲಿನಲ್ಲೇ. ದಪ್ಪ ವೈರು ತೂತಿಗೆ ಹಿಡಿಯುವುದಿಲ್ಲವೆಂದು ನಾಲ್ಕೈದು ಎಳೆ ಕತ್ತರಿಸಿ ತುರುಕುತ್ತಾರೆ. ಉಳಿದ ಎಳೆಗಳ ಮೇಲೆ ಪೂರ್ತಿ ಕರೆಂಟು ಬಿದ್ದು ಅಲ್ಲಿ ಬಿಸಿಯಾಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಮತ್ತಷ್ಟು ಬಿಸಿಯಾಗುತ್ತದೆ. ಪ್ಲೇಟ್ ಬಿಚ್ಚಿ ನೋಡಿದರೆ ಕೆಂಪು ವೈರಿನ ತುದಿ ಎರಡು ಬೆರಳಷ್ಟು ಕಂದಾಗಿ, ಉಗುರಿಗೆ ಪುಡಿಪುಡಿಯಾಗಿ ಬರುತ್ತದೆ. ಎಳೆ ಕತ್ತರಿಸದೆ, ವೈರಿನ ತುದಿಗೆ ಲಗ್ ಎಂಬ ಲೋಹದ ತೊಡಪು ಹಾಕಿ ಒತ್ತಿ ಕ್ರಿಂಪ್ ಮಾಡಿಸಿ. ಚಳಿಗಾಲ ಶುರುವಾಗುವ ಮುಂಚೆ ಮೇನ್ ಆಫ್ ಮಾಡಿಸಿ ಸ್ಕ್ರೂಗಳನ್ನು ಬಿಗಿ ಮಾಡಿಸಿದರೆ ಒಳ್ಳೆಯದು.

ಅರ್ಥಿಂಗ್ ವಿಷಯಕ್ಕೆ ನಮ್ಮ ಮಣ್ಣೇ ತೊಡಕು. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ನೆಲದಲ್ಲಿ ಹೂತ ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ, ರೋಧ ಏರುತ್ತದೆ. ಮಳೆಗಾಲದಲ್ಲಿ ಅಳೆದು ಸರಿ ಇದೆ ಎಂದರೆ ನಂಬಬೇಡಿ, ಮೇ ತಿಂಗಳಲ್ಲಿ ಅರ್ಥ್ ಟೆಸ್ಟರ್ ಇಟ್ಟು ನೋಡಿಸಿ. 5 ಓಮ್ ಒಳಗಿದ್ದರೆ ಚಿಂತೆಯಿಲ್ಲ. ಶಹಾಬಾದ್, ಸೇಡಂ ಕಡೆ ಸ್ವಲ್ಪ ಅಗೆದರೆ ಕಲ್ಲುಹಾಸು ಸಿಗುವುದರಿಂದ ಒಂದೇ ಗುಂಡಿ ಸಾಲದೆ, ಅಂತರ ಬಿಟ್ಟು ಎರಡು ಗುಂಡಿ ತೋಡಿ ಜೋಡಿಸಬೇಕಾಗಬಹುದು. ಅರ್ಥ್ ಸಿಗಲಿಲ್ಲವೆಂದು ಹಸಿರು ವೈರನ್ನು ನ್ಯೂಟ್ರಲ್‌ಗೆ ಕಟ್ಟುವವರಿದ್ದಾರೆ. ಹೊರಗಿನ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಹೀಟರಿನ ಲೋಹಕ್ಕೂ ನೀರಿಗೂ ಕರೆಂಟು ಬರುತ್ತದೆ.

ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತಿದ್ದರೆ ಅದನ್ನು ಕಿತ್ತು ಹಾಕುವ ಮೊದಲು ನ್ಯೂಟ್ರಲ್ ನೋಡಿ. ಈ ಲೈನಿನ ನ್ಯೂಟ್ರಲ್ ಇನ್ವರ್ಟರ್ ಅಥವಾ ಬೇರೆ ಲೈನಿನ ನ್ಯೂಟ್ರಲ್ ಜೊತೆ ಕೂಡಿದ್ದರೆ ಬಿದ್ದೇ ಬೀಳುತ್ತದೆ. ನ್ಯೂಟ್ರಲ್ ಸರಿಯಿದ್ದೂ ಬಿದ್ದರೆ ನೀರು ಕಾಯಿಸುವ ಎಲಿಮೆಂಟಿನಿಂದ ಕರೆಂಟು ಸೋರುತ್ತಿರಬಹುದು. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ.

ಜೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ 2-3 ಕಿಲೋವ್ಯಾಟ್ ಇದ್ದರೆ ಮೊದಲು ಹೆಚ್ಚಿಸಿಕೊಳ್ಳಿ. ನಾಲ್ಕು ಜನ ತಲಾ ಎಂಟು ನಿಮಿಷ ಸ್ನಾನ ಮಾಡಿದರೆ ತಿಂಗಳಿಗೆ ಸುಮಾರು 88 ಯುನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿ ಇರುವವರಿಗೆ ಇದು ಸಣ್ಣ ಸಂಖ್ಯೆಯಲ್ಲ.

ವೋಲ್ಟೇಜ್ 190ಕ್ಕೆ ಇಳಿದರೆ ಶಕ್ತಿ 3.75 ಕಿಲೋವ್ಯಾಟ್‌ಗೆ ಕುಸಿಯುತ್ತದೆ. ನಳ ಸಣ್ಣ ಮಾಡಿ ಸ್ನಾನ ಮುಗಿಸಬೇಕು, ತೀರಾ ಸಣ್ಣ ಮಾಡಿದರೆ ಹೀಟರೇ ಬಂದ್. ಅಂಥ ಓಣಿಯಲ್ಲಿದ್ದರೆ, ಅಥವಾ ಚಳಿ ಹೆಚ್ಚಿರುವ ಬೀದರಿನಲ್ಲಿದ್ದರೆ, ನೀರು ಕೂಡಿಟ್ಟು ಕಾಯಿಸುವ 2 ಕಿಲೋವ್ಯಾಟಿನ 15 ಲೀಟರ್ ಗೀಸರನ್ನೇ ತೆಗೆದುಕೊಳ್ಳಿ. ಅದಕ್ಕೆ ಸರಿಯಾದ ಅರ್ಥಿಂಗ್, ಆರ್‌ಸಿಸಿಬಿ ಇದ್ದರೆ ಹಳೆಯ 16 ಆಂಪಿಯರ್ ಪಾಯಿಂಟೇ ನಡೆಯುತ್ತದೆ.