ಜಿರ್ಕೋನಿಯಾ ಕ್ಯಾಪಿನ ಒಳಗೆ ಎಚಿಂಗ್ ಜೆಲ್ ಹಾಕಬೇಡಿ

ಹೊಸದಾಗಿ ಕ್ಲಿನಿಕ್ ಶುರು ಮಾಡಿರುವ ಹಲ್ಲಿನ ಡಾಕ್ಟರ್‌ಗಳು ದಯವಿಟ್ಟು ಇದನ್ನು ಓದಿ. ತಪ್ಪು ಮಾಡಿದವಳು ನಾನು, ತೊಂದರೆ ಪಟ್ಟವರು ನನ್ನ ಪೇಷಂಟ್.

ನಿವೃತ್ತ ಮೇಷ್ಟ್ರೊಬ್ಬರಿಗೆ ಕೆಳದವಡೆಯಲ್ಲಿ ಇಂಪ್ಲಾಂಟ್, ಅಂದರೆ ಹಲ್ಲಿನ ಬೇರಿನ ಬದಲು ಮೂಳೆಯೊಳಗೆ ಕೂರಿಸುವ ತಿರುಪು, ಹಾಕಿದ್ದೆ. ಮೂಳೆ ಕೂಡಿಕೊಳ್ಳಲಿ ಅಂತ ಮೂರು ತಿಂಗಳು ಕಾದು, ಅದರ ಮೇಲೆ ಕ್ಯಾಪ್ ಹಿಡಿಯುವ ಗೂಟ (ಅಬಟ್‌ಮೆಂಟ್) ಕೂರಿಸಿ, ಲ್ಯಾಬಿನಿಂದ ಬಂದ ಜಿರ್ಕೋನಿಯಾ (ಗಟ್ಟಿ ಬಿಳಿ ಸೆರಾಮಿಕ್) ಕ್ಯಾಪ್ ಹಾಕಿ ನೋಡಿದೆ. ಕಚ್ಚಿದಾಗ ಸ್ವಲ್ಪ ಎತ್ತರ ಅಂದರು. ತೆಗೆದು, ತಿದ್ದಿ, ಮತ್ತೆ ಹಾಕಿದೆ. ಹೀಗೆ ನಾಲ್ಕು ಸಲ. ಅಷ್ಟರಲ್ಲಿ ಕ್ಯಾಪಿನ ಒಳಗೆಲ್ಲಾ ಎಂಜಲು, ಒಂದು ಅಂಚಿಗೆ ವಸಡಿನ ರಕ್ತ. ನೀರಲ್ಲಿ ತೊಳೆದೆ. ಇನ್ನೂ ಶುಚಿಯಾಗಲಿ ಅಂತ, ಹಲ್ಲಿನ ಮೇಲ್ಮೈ ಒರಟು ಮಾಡಲು ಬಳಸುವ ಎಚಿಂಗ್ ಜೆಲ್ ಹಾಕಿದೆ, ಅಂದರೆ ಶೇ. 37ರ ಫಾಸ್ಫಾರಿಕ್ ಆಸಿಡ್. ತೊಳೆದು, ಒಣಗಿಸಿ, ಸಿಮೆಂಟ್ ಹಿಡಿಯಲೆಂದು ಮೊದಲು ಹಚ್ಚುವ ಪ್ರೈಮರ್ ಹಚ್ಚಿ ರೆಸಿನ್ ಸಿಮೆಂಟಿನಲ್ಲಿ ಅಂಟಿಸಿದೆ.

ಐದು ವಾರಕ್ಕೆ ಊಟದ ಮಧ್ಯೆ ಕಳಚಿಕೊಂಡಿತು. "ತುತ್ತಿನ ಜೊತೆ ನುಂಗಿಬಿಡ್ತಿದ್ದೆ ಡಾಕ್ಟ್ರೇ" ಅಂತ ಮೇಷ್ಟ್ರು ಕಾಗದದ ಪೊಟ್ಟಣ ಬಿಚ್ಚಿ ಕೊಟ್ಟರು. ಬೆಳಕಿಗೆ ಹಿಡಿದು ನೋಡಿದೆ. ಕ್ಯಾಪಿನ ಒಳಗೆ ಸಿಮೆಂಟಿನ ಒಂದು ಚೂರೂ ಇಲ್ಲ, ತೊಳೆದಿಟ್ಟ ಬಟ್ಟಲಿನ ಹಾಗಿತ್ತು. ಸಿಮೆಂಟ್ ಪೂರ್ತಿ ಅಬಟ್‌ಮೆಂಟ್ ಮೇಲೆ ಚಿಪ್ಪಿನಂತೆ ಇಡಿಯಾಗಿ ಕೂತಿತ್ತು. ಅದು ಕ್ಯಾಪನ್ನು ಹಿಡಿದೇ ಇರಲಿಲ್ಲ ಅಂತ ಆಗ ಗೊತ್ತಾಯಿತು. ಹೊಟ್ಟೆಯಲ್ಲಿ ಸಂಕಟವಾಯಿತು. ಕ್ಯಾಪ್ ಶ್ವಾಸನಾಳಕ್ಕೆ ಇಳಿದಿದ್ದರೆ?

ಎಂಜಲಿನಲ್ಲಿ ಫಾಸ್ಫೇಟ್ ಇರುತ್ತದೆ. ಜಿರ್ಕೋನಿಯಾ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ನೀರಿಗೆ ಬಿಡುವುದಿಲ್ಲ. ನಾವು ಹಚ್ಚುವ ಪ್ರೈಮರಿನಲ್ಲಿರುವ ಎಂಡಿಪಿ ಎಂಬ ಅಂಟುವ ರಾಸಾಯನಿಕ ಕೂಡ ತನ್ನ ಫಾಸ್ಫೇಟ್ ತುದಿಯಿಂದಲೇ ಅಲ್ಲಿ ಅಂಟಬೇಕು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ವಾ, ಹಾಗೆ ಎಂಜಲು ಮೊದಲೇ ಜಾಗ ಹಿಡಿದಿರುತ್ತದೆ. ನಾನು ಹಾಕಿದ್ದೂ ಫಾಸ್ಫಾರಿಕ್ ಆಸಿಡ್ಡೇ. ಇದ್ದ ಫಾಸ್ಫೇಟ್ ಜೊತೆ ಇನ್ನಷ್ಟು ಸೇರಿಸಿದೆ ಅಷ್ಟೆ. ಗಾಜಿನ ಅಂಶ ಇರುವ ಸೆರಾಮಿಕ್ ಕ್ಯಾಪಿಗೆ ಆ ಜೆಲ್ ನಡೆಯುತ್ತದೆ. ಆ ಅಭ್ಯಾಸದ ಮೇಲೆ ಯೋಚಿಸದೆ ಇಲ್ಲಿಗೂ ಹಾಕಿಬಿಟ್ಟೆ.

ಎರಡನೇ ಸಲ 50 ಮೈಕ್ರಾನ್ ಅಲ್ಯುಮಿನಾ ಪುಡಿಯಿಂದ, 1ರಿಂದ 2 ಬಾರ್ ಒತ್ತಡದಲ್ಲಿ ಒಳಭಾಗ ಸ್ಯಾಂಡ್‌ಬ್ಲಾಸ್ಟ್ ಮಾಡಿ (ಪುಡಿಯನ್ನು ಗಾಳಿಯ ರಭಸದಲ್ಲಿ ಚಿಮ್ಮಿಸಿ), ತೊಳೆದು, ಒಣಗಿಸಿ, ಆಮೇಲೆ ಪ್ರೈಮರ್ ಹಚ್ಚಿದೆ. ಯಂತ್ರ ಇಲ್ಲದವರು ಜಿರ್ಕೋನಿಯಾಗೆಂದೇ ಸಿಗುವ ಕ್ಲೀನಿಂಗ್ ಪೇಸ್ಟ್ ಬಳಸಿ. ಲ್ಯಾಬಿನಲ್ಲಿ ಮೊದಲೇ ಬ್ಲಾಸ್ಟ್ ಆಗಿದೆ ಅಂತ ಬಿಡಬೇಡಿ. ಬಾಯಲ್ಲಿ ಹಾಕಿ ನೋಡಿದ ಮೇಲೆ ಮತ್ತೆ ಶುಚಿ ಮಾಡಲೇಬೇಕು. ಟೈಟಾನಿಯಂ ಅಬಟ್‌ಮೆಂಟಿಗೂ ಎಂಜಲು ಇದೇ ತೊಂದರೆ ಕೊಡುತ್ತದೆ. ಅದನ್ನು ಬಿಚ್ಚಿ ಹೊರಗೇ ಶುಚಿ ಮಾಡಿ, ವಾಪಸ್ ಕೂರಿಸುವಾಗ ಹತ್ತಿ ಇಟ್ಟು ಒಣಗಿಸಿಕೊಳ್ಳಿ. ಅಬಟ್‌ಮೆಂಟ್ ಗಿಡ್ಡವಾಗಿದ್ದರೆ ಅಂಟಿನ ಮೇಲೇ ಎಲ್ಲಾ ಭಾರ, ಅಲ್ಲಿ ಇನ್ನೂ ಜಾಸ್ತಿ ಜಾಗ್ರತೆ ಬೇಕು.

ಪೇಷಂಟ್‌ಗಳಿಗೂ ಒಂದು ಮಾತು. ಮೇಷ್ಟ್ರ ಮಗ ಮನೆಯಲ್ಲೇ ಅಂಟಿಸೋಣ ಅಂತ ಫೆವಿಕ್ವಿಕ್ ತಂದಿದ್ದರಂತೆ. ಹಾಗೆ ಮಾಡಬೇಡಿ. ಕ್ಯಾಪನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಆದಷ್ಟು ಬೇಗ ಡಾಕ್ಟರ್ ಹತ್ತಿರ ಬನ್ನಿ.